ಡೇಟಾ ಅನಾಲಿಟಿಕ್ಸ್ ಓದಲು ಲಿಬರಲ್ ಆರ್ಟ್ಸ್ ಕಾಲೇಜೋ, ಎಂಜಿನಿಯರಿಂಗೋ, ಊರಲ್ಲೇ ಬಿ.ಎಸ್ಸಿಯೋ?

ಪಿಯುಸಿ ಓದುತ್ತಿರುವ ಮಗಳು ‘ಡೇಟಾ ಅನಾಲಿಟಿಕ್ಸ್ ಓದ್ತೀನಿ’ ಅಂದರೆ ಈಗ ಯಾರೂ ಹುಬ್ಬೇರಿಸುವುದಿಲ್ಲ. ‘ಅಮೆರಿಕದ ಒಂದು ಲಿಬರಲ್ ಆರ್ಟ್ಸ್ ಕಾಲೇಜಿನಲ್ಲಿ ಓದ್ತೀನಿ’ ಅಂದಾಗ ಮಾತ್ರ ಮನೆಯಲ್ಲಿ ಚರ್ಚೆ ಶುರು. (ವಿಜ್ಞಾನ, ಸಮಾಜಶಾಸ್ತ್ರ, ಸಾಹಿತ್ಯ ಎಲ್ಲ ಬೆರೆಸಿ ಓದಿಸುವ ಪದವಿ ಕಾಲೇಜುಗಳಿವು.) ‘ಬಿ.ಎ. ಮಾಡೋಕೆ ಅಷ್ಟು ದೂರ ಯಾಕೆ ಹೋಗ್ಬೇಕು? ಸಿಇಟಿ ಬರೆದು ಎಂಜಿನಿಯರಿಂಗ್‌ನಲ್ಲಿ ಎಐ-ಡಿಎಸ್ ಸೀಟು ತಗೊಂಡ್ರೆ ಆಗಲ್ವಾ?’ ಎಂದು ಅಪ್ಪ ಕೇಳುತ್ತಾರೆ. ಕೇಳಲೇಬೇಕಾದ ಪ್ರಶ್ನೆಯೇ. ಆದರೆ ಇದಕ್ಕೆ ಎಲ್ಲರಿಗೂ ಹೊಂದುವ ಒಂದೇ ಉತ್ತರ ಇಲ್ಲ.

ಯಾವ ದಾರಿ ಹಿಡಿದರೂ ಕಲಿಯುವ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಅದೇ, ಅಂಕಿಗಳ ನಡುವಿನ ಸಂಬಂಧ ಅಳೆಯುವ ರಿಗ್ರೆಷನ್ ಅದೇ, ಡೇಟಾಬೇಸಿನಿಂದ ಮಾಹಿತಿ ತೆಗೆಯುವ ಎಸ್‌ಕ್ಯುಎಲ್ ಅದೇ. ಇವನ್ನೆಲ್ಲ ಮನೆಯಲ್ಲೇ ಕೂತು ಪುಕ್ಕಟೆಯಾಗಿಯೂ ಕಲಿಯಬಹುದು. ದಾರಿಗಳು ಬೇರೆಯಾಗುವುದು ಆ ಉಪಕರಣಗಳನ್ನು ಯಾವುದರ ಡೇಟಾ ಮೇಲೆ ಬಳಸುತ್ತೀರಿ, ಅದರ ಜೊತೆಗೆ ಇನ್ನೇನು ಓದುತ್ತೀರಿ ಎಂಬುದರಲ್ಲಿ. ಆಮೇಲೆ ಬರುವುದು ಖರ್ಚಿನ ಮಾತು, ಅದು ಚಿಕ್ಕದೇನಲ್ಲ.

ಒಂದೇ ಕೋಷ್ಟಕ, ಮೂರು ತರಗತಿ

ಡೇಟಾ ಕಲಿಸುವವರೆಲ್ಲ ಒಮ್ಮೆಯಾದರೂ ಬಳಸುವ ಹಳೆಯ ಲೆಕ್ಕವೊಂದಿದೆ. 1973ರಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ನಾತಕೋತ್ತರ ಪ್ರವೇಶಕ್ಕೆ ಅರ್ಜಿ ಹಾಕಿದವರ ಲೆಕ್ಕ ಅದು. ಸಂಖ್ಯಾಶಾಸ್ತ್ರಕ್ಕೆ ಬಳಸುವ ‘ಆರ್’ ತಂತ್ರಾಂಶದ ಜೊತೆಗೇ ಬರುವ ಕಡತದಲ್ಲಿ ಅತಿ ದೊಡ್ಡ ಆರು ವಿಭಾಗಗಳ 4,526 ಅರ್ಜಿಗಳಿವೆ. 2,691 ಗಂಡಸರಲ್ಲಿ 1,198 ಮಂದಿಗೆ ಸೀಟು ಸಿಕ್ಕಿತ್ತು, ಅಂದರೆ ಶೇ 45ರ ಹತ್ತಿರ. 1,835 ಹೆಂಗಸರಲ್ಲಿ ಸೀಟು ಸಿಕ್ಕಿದ್ದು 557 ಮಂದಿಗೆ, ಶೇ 30. ಮೇಲ್ನೋಟಕ್ಕೆ ತಾರತಮ್ಯ ಎದ್ದು ಕಾಣುತ್ತದೆ. ಆದರೆ ವಿಭಾಗವಾರು ಬಿಡಿಸಿ ನೋಡಿದರೆ ಆರರಲ್ಲಿ ನಾಲ್ಕು ಕಡೆ ಹೆಂಗಸರ ಪ್ರಮಾಣವೇ ಹೆಚ್ಚು. ‘ಎ’ ಎಂಬ ವಿಭಾಗದಲ್ಲಂತೂ ಗಂಡಸರಿಗೆ ಶೇ 62, ಹೆಂಗಸರಿಗೆ ಶೇ 82. ಸುಲಭವಾಗಿ ಸೀಟು ಸಿಗುತ್ತಿದ್ದ ‘ಎ’ ಮತ್ತು ‘ಬಿ’ ವಿಭಾಗಗಳಿಗೆ ಗಂಡಸರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಅರ್ಜಿ ಹಾಕಿದ್ದರು. ಹೆಂಗಸರಲ್ಲಿ ಆ ಎರಡು ವಿಭಾಗ ಕೇಳಿದವರು ಬರೀ 133 ಜನ. ಉಳಿದವರೆಲ್ಲ ಸೀಟು ಕಡಿಮೆ, ನೂಕುನುಗ್ಗಲು ಜಾಸ್ತಿ ಇರುವ ವಿಭಾಗಗಳ ಮುಂದೆ ಸಾಲು ನಿಂತಿದ್ದರು.

ಈ ಕೋಷ್ಟಕ ಎಂಜಿನಿಯರಿಂಗ್ ಕಾಲೇಜಿನ ಲ್ಯಾಬಿಗೆ ಬಂದರೆ ಏನಾಗುತ್ತದೆ? ಪೈಥಾನ್‌ನಲ್ಲಿ ಓದಿಸಿ, ವಿಭಾಗವಾರು ಗುಂಪು ಮಾಡಿ, ಪ್ರವೇಶ ಸಿಗುತ್ತದೋ ಇಲ್ಲವೋ ಎಂದು ಊಹಿಸುವ ಮಾದರಿ ಕಟ್ಟಿ, ನಿಖರತೆ ಎಷ್ಟು ಬಂತು ಎಂದು ರೆಕಾರ್ಡ್‌ನಲ್ಲಿ ಬರೆದು ಸಹಿ ಹಾಕಿಸಿಕೊಳ್ಳುತ್ತಾರೆ. ಸಂಖ್ಯಾಶಾಸ್ತ್ರದ ಬಿ.ಎಸ್ಸಿ. ತರಗತಿಯಲ್ಲಿ ಇದು ಸಿಂಪ್ಸನ್ ವಿರೋಧಾಭಾಸದ ಉದಾಹರಣೆ. ಷರತ್ತುಬದ್ಧ ಸಂಭವನೀಯತೆಯ ಸೂತ್ರ ಬರೆದು, ಒಟ್ಟು ಪ್ರಮಾಣ ಯಾಕೆ ತಿರುಗುಮುರುಗಾಯಿತು ಎಂದು ತೋರಿಸಿ ಮುಂದಿನ ಅಧ್ಯಾಯಕ್ಕೆ ಹೋಗುತ್ತಾರೆ. ಲಿಬರಲ್ ಆರ್ಟ್ಸ್ ಕಾಲೇಜಿನ ತರಗತಿ ಈ ಎರಡನ್ನೂ ಮಾಡಿದ ಮೇಲೆ ಇನ್ನೊಂದು ಹೆಜ್ಜೆ ಇಡಬೇಕು. ಹೆಂಗಸರು ನೂಕುನುಗ್ಗಲಿನ ವಿಭಾಗಗಳನ್ನೇ ಯಾಕೆ ಕೇಳಿದರು? ಶಾಲೆಯಲ್ಲಿ ಅವರಿಗೆ ಗಣಿತ ಎಷ್ಟು ಕಲಿಸಿದ್ದರು? ಯಾವ ವಿಭಾಗಕ್ಕೆ ಎಷ್ಟು ಅನುದಾನ, ಎಷ್ಟು ಸೀಟು ಎಂದು ತೀರ್ಮಾನಿಸಿದವರು ಯಾರು? ಇವಕ್ಕೆ ಆ ಕಡತದಲ್ಲಿ ಉತ್ತರ ಇಲ್ಲ. ಸಮಾಜಶಾಸ್ತ್ರ, ಅರ್ಥಶಾಸ್ತ್ರ, ಇತಿಹಾಸ ಓದಿದವರಿಗೆ ಎಲ್ಲಿ ಹುಡುಕಬೇಕೆಂದು ಗೊತ್ತಿರುತ್ತದೆ. 1975ರಲ್ಲಿ ಈ ಲೆಕ್ಕವನ್ನು ಬಿಡಿಸಿ ಪ್ರಕಟಿಸಿದ ಮೂವರಲ್ಲಿ ಪೀಟರ್ ಬಿಕೆಲ್ ಸಂಖ್ಯಾಶಾಸ್ತ್ರಜ್ಞ, ಯೂಜೀನ್ ಹ್ಯಾಮೆಲ್ ಮಾನವಶಾಸ್ತ್ರಜ್ಞ.

ಒಳ್ಳೆಯ ಮೇಷ್ಟರು ಸಿಕ್ಕರೆ ಮೂರೂ ಕಡೆ ಮೂರೂ ಪ್ರಶ್ನೆ ಬರುತ್ತವೆ, ಒಪ್ಪುತ್ತೇನೆ. ನಾನು ಹೇಳುತ್ತಿರುವುದು ಪಠ್ಯಕ್ರಮ ಯಾವ ಕಡೆ ತಳ್ಳುತ್ತದೆ ಎಂಬುದನ್ನು.

ಲೆಕ್ಕವೂ ಬೇರೊಂದು ವಿಷಯವೂ ಕೂಡಿದ್ದಕ್ಕೆ ನಮ್ಮವರದೇ ಒಂದು ನಿದರ್ಶನ ಬೇಕಿದ್ದರೆ ಹೂವಿನಹಡಗಲಿಯಲ್ಲಿ 1920ರಲ್ಲಿ ಹುಟ್ಟಿದ ಸಂಖ್ಯಾಶಾಸ್ತ್ರಜ್ಞ ಸಿ.ಆರ್. ರಾವ್ ಇದ್ದಾರೆ. ಅವರು ಕೇಂಬ್ರಿಜ್‌ಗೆ ಹೋದದ್ದು ಸುಡಾನಿನ ಜೆಬೆಲ್ ಮೋಯಾದಲ್ಲಿ ಅಗೆದು ತೆಗೆದ ಪ್ರಾಚೀನ ಅಸ್ಥಿಗಳ ಅಳತೆಗಳನ್ನು ವಿಶ್ಲೇಷಿಸಲು. ಅಲ್ಲಿನ ಪುರಾತತ್ವ ಮತ್ತು ಮಾನವಶಾಸ್ತ್ರದ ಮ್ಯೂಸಿಯಮ್ಮಿನಲ್ಲಿ ಆ ಕೆಲಸ ಮಾಡುತ್ತಲೇ 1948ರಲ್ಲಿ ಪಿಎಚ್.ಡಿ. ಪಡೆದರು. 2023ರಲ್ಲಿ, 102ರ ವಯಸ್ಸಿನಲ್ಲಿ, ಅಂತರರಾಷ್ಟ್ರೀಯ ಸಂಖ್ಯಾಶಾಸ್ತ್ರ ಪ್ರಶಸ್ತಿ ಬಂತು. ಅವರ ಗಣಿತಕ್ಕೆ ಎದುರಿಗೆ ಯಾವಾಗಲೂ ಒಂದು ನಿಜವಾದ ವಸ್ತು ಇತ್ತು.

ಈ ಕಾಲೇಜುಗಳು ಎಂಥವು?

ಅಮೆರಿಕದ ಲಿಬರಲ್ ಆರ್ಟ್ಸ್ ಕಾಲೇಜು ಎಂದರೆ ಸಾಮಾನ್ಯವಾಗಿ ಎರಡು ಸಾವಿರದ ಆಸುಪಾಸು ವಿದ್ಯಾರ್ಥಿಗಳಿರುವ, ಬಹುಪಾಲು ಪದವಿ ಮಟ್ಟದಲ್ಲೇ ನಿಲ್ಲುವ ವಸತಿ ಕಾಲೇಜು. ಪಾಠ ಮಾಡುವವರು ಪ್ರಾಧ್ಯಾಪಕರೇ, ಪಿಎಚ್.ಡಿ. ವಿದ್ಯಾರ್ಥಿಗಳಲ್ಲ. ಸೇರುವಾಗ ‘ಬ್ರಾಂಚ್’ ಆಯ್ಕೆ ಇರುವುದಿಲ್ಲ. ಎರಡನೇ ವರ್ಷ ಮುಗಿಯುವ ಹೊತ್ತಿಗೆ ಮೇಜರ್, ಅಂದರೆ ಮುಖ್ಯ ವಿಷಯ, ಘೋಷಿಸಿದರೆ ಸಾಕು. ವಿಜ್ಞಾನವೂ ಈ ‘ಆರ್ಟ್ಸ್’ನೊಳಗೇ ಇದೆ. ಆಮ್‌ಹರ್ಸ್ಟ್ ಕಾಲೇಜಿನಲ್ಲಿ ಭೌತಶಾಸ್ತ್ರ ಓದಿದವರಿಗೂ ಸಿಗುವುದು ಬಿ.ಎ. ಪದವಿಯೇ. ಹೀಗಾಗಿ ಬಿ.ಎ. ಎಂಬ ಎರಡಕ್ಷರ ನೋಡಿ ಮೂಗು ಮುರಿಯಬೇಕಿಲ್ಲ.

ಪಿಯುಸಿಯಲ್ಲಿ ಪಿಸಿಎಂ ತೆಗೆದುಕೊಳ್ಳದವರಿಗೆ ಇದರಲ್ಲಿ ಒಂದು ಅನುಕೂಲ ಇದೆ. ಎಸ್‌ಇಬಿಎ ಅಥವಾ ಎಚ್‌ಇಪಿಎಸ್ ಓದಿದವರಿಗೆ ಸಿಇಟಿಯ ಎಂಜಿನಿಯರಿಂಗ್ ಬಾಗಿಲು ಮುಚ್ಚಿರುತ್ತದೆ. ಲಿಬರಲ್ ಆರ್ಟ್ಸ್ ಕಾಲೇಜಿನಲ್ಲಿ ಆ ತಡೆ ಇಲ್ಲ. ಮೊದಲ ಸೆಮಿಸ್ಟರಿನಲ್ಲಿ ಕ್ಯಾಲ್ಕುಲಸ್ ಅನ್ನು ಬುಡದಿಂದ ಶುರು ಮಾಡಬಹುದು. ಹಾಗಂತ ಗಣಿತ ತಪ್ಪಿಸಿಕೊಳ್ಳಲು ಈ ದಾರಿ ಹಿಡಿಯುವವರಿಗೆ ನಿರಾಸೆ ಖಚಿತ.

ಒಳಗೆ ಮೂರು ಬಗೆ

ಲಿಬರಲ್ ಆರ್ಟ್ಸ್ ಎಂದು ಒಂದೇ ಚೀಟಿ ಅಂಟಿಸಿದರೂ ಡೇಟಾ ಕಲಿಸುವ ರೀತಿ ಎಲ್ಲ ಕಡೆ ಒಂದೇ ಅಲ್ಲ. ಕುಟುಂಬಗಳು ಸಾಮಾನ್ಯವಾಗಿ ಗಮನಿಸದೆ ಹೋಗುವುದು ಇದನ್ನೇ.

ಮೊದಲನೆಯದು, ಡೇಟಾ ಅನಾಲಿಟಿಕ್ಸ್ ಎಂಬ ಹೆಸರಿನದೇ ಮೇಜರ್. ಒಹಾಯೊ ರಾಜ್ಯದ ಗ್ರ್ಯಾನ್‌ವಿಲ್‌ನಲ್ಲಿರುವ ಡೆನಿಸನ್ ಯೂನಿವರ್ಸಿಟಿ 2016ರಲ್ಲಿ ಇದನ್ನು ಶುರು ಮಾಡಿತು. ಹೆಸರಿನಲ್ಲಿ ಯೂನಿವರ್ಸಿಟಿ ಇದ್ದರೂ ಅದು 1831ರ ಹಳೆಯ ಪದವಿ ಕಾಲೇಜೇ. ಪೆನ್ಸಿಲ್ವೇನಿಯಾದ ಕಾರ್ಲೈಲ್‌ನ ಡಿಕಿನ್‌ಸನ್ ಕಾಲೇಜಿನಲ್ಲೂ ಈ ಮೇಜರ್ ಇದೆ. ಡೆನಿಸನ್‌ನ ಪಠ್ಯದಲ್ಲಿ ಕಂಪ್ಯೂಟರ್ ಸೈನ್ಸ್, ಗಣಿತ, ಡೇಟಾ ವ್ಯವಸ್ಥೆಗಳು, ಮುಂದುವರಿದ ವಿಧಾನಗಳು, ಹೊರಗಿನವರ ನಿಜವಾದ ಸಮಸ್ಯೆಯ ಮೇಲೆ ಕೆಲಸ ಮಾಡುವ ಪ್ರಾಕ್ಟಿಕಮ್, ಕೊನೆಗೆ ಒಂದು ಸೆಮಿನಾರ್ ಇವೆ. ಇದರ ಜೊತೆಗೆ ಅರ್ಥಶಾಸ್ತ್ರ, ಮನಶ್ಶಾಸ್ತ್ರ, ಜೀವಶಾಸ್ತ್ರದಂಥ ಒಂದು ಕ್ಷೇತ್ರವನ್ನು ಆರಿಸಿಕೊಂಡು ಅದರಲ್ಲೂ ಕೋರ್ಸುಗಳನ್ನು ಮಾಡಬೇಕು. ಈ ಕೊನೆಯ ಷರತ್ತು ಕಡ್ಡಾಯವಾಗಿರುವುದರಿಂದಲೇ ಈ ಬಗೆಗೆ ತೂಕ. ಕಡ್ಡಾಯ ಮಾಡದಿದ್ದರೆ ಹತ್ತೊಂಬತ್ತರ ಹುಡುಗರು ಇನ್ನೊಂದು ಮಷೀನ್ ಲರ್ನಿಂಗ್ ಕೋರ್ಸ್ ತುಂಬಿಕೊಳ್ಳುತ್ತಾರೆ, ಅಷ್ಟೇ.

ಎರಡನೆಯದು, ಸಂಖ್ಯಾಶಾಸ್ತ್ರದ ಕಡೆಯಿಂದ ಬರುವ ಮೇಜರ್. ಮ್ಯಾಸಚೂಸೆಟ್ಸ್‌ನ ನಾರ್ತಾಂಪ್ಟನ್‌ನಲ್ಲಿರುವ ಮಹಿಳಾ ಕಾಲೇಜು ಸ್ಮಿತ್‌ನಲ್ಲಿ ‘ಸ್ಟ್ಯಾಟಿಸ್ಟಿಕಲ್ ಆ್ಯಂಡ್ ಡೇಟಾ ಸೈನ್ಸಸ್’ ಇದೆ. ಕೊನೆಯ ವರ್ಷ ವಿದ್ಯಾರ್ಥಿನಿಯರು ತಂಡ ಕಟ್ಟಿಕೊಂಡು ಹೊರಗಿನ ಸಂಸ್ಥೆಗಳಿಗಾಗಿ ಪ್ರಾಜೆಕ್ಟ್ ಮಾಡುತ್ತಾರೆ. ಅಲ್ಲಿಂದ ಹೆಚ್ಚು ದೂರವಿಲ್ಲದ ಆಮ್‌ಹರ್ಸ್ಟ್‌ನಲ್ಲಿ ಸಂಖ್ಯಾಶಾಸ್ತ್ರದ ಮೇಜರ್. ಇಲ್ಲಿ ಲೀನಿಯರ್ ಆಲ್ಜೀಬ್ರ, ಸಂಭವನೀಯತೆ, ಸೈದ್ಧಾಂತಿಕ ಸಂಖ್ಯಾಶಾಸ್ತ್ರ ಗಟ್ಟಿಯಾಗಿಯೇ ಇವೆ. ಇವೆರಡೂ, ಮೌಂಟ್ ಹೋಲ್ಯೋಕ್, ಹ್ಯಾಂಪ್‌ಶೈರ್ ಮತ್ತು ದೊಡ್ಡದಾದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯವೂ ಸೇರಿ ಐದು ಕಾಲೇಜುಗಳ ಒಕ್ಕೂಟ ಇದ್ದು, ಒಂದರ ವಿದ್ಯಾರ್ಥಿ ಇನ್ನೊಂದರಲ್ಲಿ ಕೋರ್ಸ್ ಮಾಡಬಹುದು. ಸಣ್ಣ ಕಾಲೇಜಿನ ದೊಡ್ಡ ಕೊರತೆ ಇದರಿಂದ ಅರ್ಧ ನೀಗುತ್ತದೆ. ಮುಂದೆ ಸಂಖ್ಯಾಶಾಸ್ತ್ರದಲ್ಲಿ ಎಂ.ಎಸ್. ಅಥವಾ ಪಿಎಚ್.ಡಿ. ಆಸೆ ಇದ್ದರೆ ಮೊದಲ ಬಗೆಗಿಂತ ಇದೇ ಮೇಲು. ಸ್ನಾತಕೋತ್ತರ ಪ್ರವೇಶ ಸಮಿತಿ ಕೇಳುವುದು ಗಣಿತದ ಕೋರ್ಸುಗಳನ್ನು, ಮೇಜರ್‌ನ ಹೆಸರನ್ನಲ್ಲ. ಈ ಕಾಲೇಜುಗಳನ್ನು ಬರೀ ಪಾಠದ ಮನೆಗಳು ಎಂದು ಲೆಕ್ಕ ಹಾಕಬೇಡಿ. ಸಂಖ್ಯಾಶಾಸ್ತ್ರ ಕಲಿಸಲು ಎಷ್ಟೋ ಕಡೆ ಬಳಸುವ ‘ಮೊಸಾಯಿಕ್’ ಎಂಬ ಆರ್ ಪ್ಯಾಕೇಜನ್ನು ಬರೆದವರು ಆಮ್‌ಹರ್ಸ್ಟ್, ಮೆಕಾಲೆಸ್ಟರ್, ಕ್ಯಾಲ್ವಿನ್‌ನ ಪ್ರಾಧ್ಯಾಪಕರು.

ಮೂರನೆಯದು, ಡೇಟಾವನ್ನು ಮೇಜರ್ ಮಾಡದೆ ಪಕ್ಕದಲ್ಲಿ ಇಟ್ಟುಕೊಳ್ಳುವುದು: ಅರ್ಥಶಾಸ್ತ್ರವೋ ಜೀವಶಾಸ್ತ್ರವೋ ಮೇಜರ್, ಸಂಖ್ಯಾಶಾಸ್ತ್ರ ಅಥವಾ ಡೇಟಾ ಸೈನ್ಸ್ ಮೈನರ್ (ಪೂರಕ ವಿಷಯ). ಮಿನ್ನೆಸೋಟದ ನಾರ್ತ್‌ಫೀಲ್ಡ್‌ನ ಸೇಂಟ್ ಓಲಾಫ್ ಕಾಲೇಜು ಇದಕ್ಕೆ ಹೆಸರಾದದ್ದು. ಅಲ್ಲಿ ಅಂತರಶಿಸ್ತೀಯ ಸಂಶೋಧನೆಗೆಂದೇ ಒಂದು ಕೇಂದ್ರ ಇದೆ. ಸಂಖ್ಯಾಶಾಸ್ತ್ರ ಕಲಿತ ವಿದ್ಯಾರ್ಥಿಗಳು ಬೇರೆ ವಿಭಾಗದ ಪ್ರಾಧ್ಯಾಪಕರ ಸಂಶೋಧನೆಗೆ ಕೈಜೋಡಿಸುತ್ತಾರೆ. ಹದಿನೆಂಟಕ್ಕೇ ‘ನನಗೆ ಆರೋಗ್ಯ ಕ್ಷೇತ್ರವೇ ಬೇಕು’, ‘ಕೃಷಿ ಅರ್ಥಶಾಸ್ತ್ರವೇ ಬೇಕು’ ಎಂದು ಖಾತ್ರಿ ಇರುವ ಮಗುವಿಗೆ ನನ್ನ ಮೊದಲ ಮತ ಇದಕ್ಕೇ. ವೀಸಾದ ಗಂಟೊಂದನ್ನು ಬಿಟ್ಟರೆ. ಆ ಮಾತು ಮುಂದೆ ಬರುತ್ತದೆ.

ಎಂಜಿನಿಯರಿಂಗ್ ಗೆಲ್ಲುವ ಜಾಗ

ವಿಟಿಯು ಅಡಿಯ ಎಐ-ಡಿಎಸ್ (ಕೃತಕ ಬುದ್ಧಿಮತ್ತೆ ಮತ್ತು ಡೇಟಾ ಸೈನ್ಸ್) ಅಥವಾ ಕಂಪ್ಯೂಟರ್ ಸೈನ್ಸ್ ಓದಿದವರಿಗೆ ಡೇಟಾ ಸ್ಟ್ರಕ್ಚರ್, ಆಪರೇಟಿಂಗ್ ಸಿಸ್ಟಮ್, ನೆಟ್‌ವರ್ಕ್, ಡೇಟಾಬೇಸ್ ಸರದಿಯಾಗಿ ಬರುತ್ತವೆ. ಕೋಟ್ಯಂತರ ದಾಖಲೆಗಳು ದಿನವೂ ಹರಿದುಬರುವ ಕಡೆ ಆ ಹರಿವಿನ ವ್ಯವಸ್ಥೆ ಕಟ್ಟುವ ಕೆಲಸ, ಡೇಟಾ ಎಂಜಿನಿಯರ್ ಎಂದು ಕರೆಯುವ ಹುದ್ದೆ, ಇವರಿಗೇ ಹತ್ತಿರ. ಲಿಬರಲ್ ಆರ್ಟ್ಸ್ ಕಾಲೇಜಿನಲ್ಲಿ ಕಂಪ್ಯೂಟರ್ ಸೈನ್ಸ್ ಅನ್ನೇ ಎರಡನೇ ಮೇಜರ್ ಮಾಡಿಕೊಳ್ಳದಿದ್ದರೆ ಇಷ್ಟು ಆಳ ಸಿಗುವುದಿಲ್ಲ. ಮಗ ರಾತ್ರಿ ಹನ್ನೊಂದಕ್ಕೂ ಸರ್ವರ್ ಬಿಚ್ಚಿ ಕೂರುವವನಾದರೆ, ಅವನಿಗೆ ಚಾರ್ಟಿಗಿಂತ ಅದರ ಹಿಂದಿನ ಯಂತ್ರವೇ ಇಷ್ಟವಾದರೆ, ಎಂಜಿನಿಯರಿಂಗಿಗೇ ಹೋಗಲಿ.

ಇನ್ನೊಂದು ಅಂತರ ಕೆಲಸ ಹುಡುಕುವ ಬಗೆಯದು. ‘ಪ್ಲೇಸ್‌ಮೆಂಟ್ ಎಷ್ಟು ಪರ್ಸೆಂಟ್?’ ಎಂಬ ನಮ್ಮ ಪ್ರಶ್ನೆ ಅಲ್ಲಿನ ಕಾಲೇಜುಗಳಿಗೆ ಅರ್ಥವೇ ಆಗುವುದಿಲ್ಲ. ಕಂಪನಿಗಳು ಸಾಲಾಗಿ ಬಂದು, ಆಪ್ಟಿಟ್ಯೂಡ್ ಟೆಸ್ಟ್ ಇಟ್ಟು, ಇನ್ನೂರು ಜನರನ್ನು ಒಂದೇ ದಿನ ಎತ್ತಿಕೊಂಡು ಹೋಗುವ ಪದ್ಧತಿ ಅಲ್ಲಿಲ್ಲ. ವೃತ್ತಿ ಮಾರ್ಗದರ್ಶನದ ಕಚೇರಿ, ಹಳೆಯ ವಿದ್ಯಾರ್ಥಿಗಳ ಜಾಲ, ಬೇಸಿಗೆಯ ಇಂಟರ್ನ್‌ಶಿಪ್ಪು ಇವುಗಳ ಮೂಲಕ ತಾವೇ ದಾರಿ ಮಾಡಿಕೊಳ್ಳಬೇಕು. ಅಪರಿಚಿತರಿಗೆ ಇಮೇಲ್ ಬರೆದು ‘ಹದಿನೈದು ನಿಮಿಷ ಮಾತಾಡಬಹುದೇ’ ಎಂದು ಕೇಳಲು ಸಂಕೋಚಪಡುವ ಮಗುವಿಗೆ ಮೊದಲ ಎರಡು ವರ್ಷ ಕಷ್ಟ.

ಎಐ ಬಂದ ಮೇಲಿನ ಮಾತನ್ನೂ ಹೇಳಿಬಿಡುತ್ತೇನೆ. ಸುಲಭದ ಎಸ್‌ಕ್ಯುಎಲ್ ಪ್ರಶ್ನೆ, ವಾರದ ಡ್ಯಾಶ್‌ಬೋರ್ಡ್, ಚಾರ್ಟಿನ ಕೆಳಗೆ ಎರಡು ಸಾಲು ವಿವರಣೆ: ಹೊಸದಾಗಿ ಸೇರಿದವರಿಗೆ ಕೊಡುತ್ತಿದ್ದ ಈ ಕೆಲಸಗಳನ್ನು ಯಂತ್ರ ಕಚ್ಚಾ ರೂಪದಲ್ಲಿ ಮಾಡಿಕೊಡುತ್ತಿದೆ. ಬರೀ ಉಪಕರಣ ಕಲಿತವರಿಗೆ ಇದರಿಂದ ಪೆಟ್ಟು ಜಾಸ್ತಿ ಎಂಬುದು ನನ್ನ ಅಂದಾಜು. ಆದರೆ ‘ನಾನು ವಿಮರ್ಶಾತ್ಮಕವಾಗಿ ಯೋಚಿಸಬಲ್ಲೆ’ ಎಂಬ ಲಿಬರಲ್ ಆರ್ಟ್ಸ್ ಕಾಲೇಜುಗಳ ಬ್ರೋಷರ್ ಮಾತನ್ನು ನಂಬಿ ಯಾರೂ ಸಂಬಳ ಕೊಡುವುದಿಲ್ಲ. ಒಂದು ಕ್ಷೇತ್ರದ ಒಳಹೊರಗು ಗೊತ್ತಿರಬೇಕು, ಕೋಡ್ ಓದಿ ತಪ್ಪು ಹಿಡಿಯಲೂ ಬರಬೇಕು. ಎರಡರಲ್ಲಿ ಒಂದೇ ಇದ್ದರೆ ಅರ್ಧಂಬರ್ಧ.

ಭಾರತದಲ್ಲೇ ಲಿಬರಲ್ ಆರ್ಟ್ಸ್

ಸೋನಿಪತ್‌ನ ಅಶೋಕ (2014), ಪುಣೆಯ ಫ್ಲೇಮ್, ಚೆನ್ನೈ ಹತ್ತಿರದ ಶ್ರೀಸಿಟಿಯ ಕ್ರಿಯಾ, ನಮ್ಮ ಸರ್ಜಾಪುರದ ಕಡೆಯ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ: ಇವು ಈಗ ನೆಲೆ ಕಂಡ ಹೆಸರುಗಳು. ಅಶೋಕದಲ್ಲಿ ಸಾಹಿತ್ಯ ಓದುವವರಿಗೂ ಗಣಿತೀಯ ಚಿಂತನೆಯ ಫೌಂಡೇಷನ್ ಕೋರ್ಸ್ ಇದೆ; ಅರ್ಥಶಾಸ್ತ್ರ, ಗಣಿತ, ಕಂಪ್ಯೂಟರ್ ಸೈನ್ಸ್ ಬೆರೆಸಿ ಓದಲು ಅವಕಾಶ ಇದೆ. ಹಾಸ್ಟೆಲ್ ಸೇರಿ ವರ್ಷಕ್ಕೆ ಹತ್ತು ಲಕ್ಷ ದಾಟುತ್ತದೆ, ಆದರೆ ಆದಾಯ ನೋಡಿ ಕೊಡುವ ಸಹಾಯಧನವೂ ಇದೆ. ಅಜೀಂ ಪ್ರೇಮ್‌ಜಿಯಲ್ಲಿ ಕಡಿಮೆ ಆದಾಯದ ಮನೆಯ ಮಕ್ಕಳಿಗೆ ನೆರವು ಚೆನ್ನಾಗಿದೆ. ಡೇಟಾ ಅನಾಲಿಟಿಕ್ಸ್ ಎಂಬ ಹೆಸರು ಪದವಿಯ ಮೇಲೆ ಇರಲೇಬೇಕೆಂಬ ಹಟ ಬಿಟ್ಟು, ಅರ್ಥಶಾಸ್ತ್ರದ ಜೊತೆ ಗಣಿತ-ಸಂಖ್ಯಾಶಾಸ್ತ್ರ ಹಿಡಿಯುವವರಿಗೆ ಅಮೆರಿಕದ ಅನುಭವದ ಬಹುಪಾಲು ಇಲ್ಲೇ ಸಿಗುತ್ತದೆ. ಸಿಗದೇ ಇರುವುದು ಅಲ್ಲಿನ ಕೆಲಸದ ಮಾರುಕಟ್ಟೆಯ ಬಾಗಿಲು.

ಊರಲ್ಲೇ ಇದ್ದು ಕಟ್ಟಿಕೊಳ್ಳುವ ದಾರಿ

ಕರ್ನಾಟಕದ ಕಾಲೇಜುಗಳಲ್ಲಿ ಮೂರು ಐಚ್ಛಿಕ ವಿಷಯ ಸಮಸಮವಾಗಿ ಓದುವ ಪದ್ಧತಿ ಹಳೆಯದು. ಪಿಎಂಸಿಎಸ್, ಇಎಂಎಸ್ ಎಂದು ಕಾಲೇಜಿನ ಕಾರಿಡಾರಿನಲ್ಲಿ ಕರೆಯುವ ಸಂಯೋಜನೆಗಳು ಎಷ್ಟೋ ಜನರನ್ನು ರೂಪಿಸಿವೆ. ಇಎಂಎಸ್, ಅಂದರೆ ಅರ್ಥಶಾಸ್ತ್ರ, ಗಣಿತ, ಸಂಖ್ಯಾಶಾಸ್ತ್ರ ಮೂರನ್ನೂ ಮೂರು ವರ್ಷ ಓದುವುದು, ನನ್ನ ಕಣ್ಣಿಗೆ ಡೇಟಾ ಅನಾಲಿಟಿಕ್ಸ್‌ಗೆ ಅತಿ ಒಳ್ಳೆಯ, ಅತಿ ಕಡಿಮೆ ಪ್ರಚಾರ ಪಡೆದ ಅಡಿಪಾಯ. ಅದರ ಕೊರತೆ ಪ್ರೋಗ್ರಾಮಿಂಗ್. ಆ ಕೊರತೆ ತುಂಬಲು 2020ರಲ್ಲಿ ಐಐಟಿ ಮದ್ರಾಸ್ ಆರಂಭಿಸಿದ ಆನ್‌ಲೈನ್ ಡೇಟಾ ಸೈನ್ಸ್ ಪದವಿ ಇದೆ. ಜೆಇಇ ಬೇಡ, ನಾಲ್ಕು ವಾರದ ಪಾಠ ಕೇಳಿ ಅರ್ಹತಾ ಪರೀಕ್ಷೆ ಪಾಸಾದರೆ ಸೇರಬಹುದು. ಪಾಠ ಮನೆಯಲ್ಲಿ, ಪರೀಕ್ಷೆ ಕೇಂದ್ರಕ್ಕೆ ಹೋಗಿ. ಫೌಂಡೇಷನ್, ಡಿಪ್ಲೊಮಾ, ಬಿ.ಎಸ್ಸಿ., ಬಿ.ಎಸ್. ಎಂದು ಹಂತಹಂತಕ್ಕೂ ಹೊರಬರುವ ಅವಕಾಶ ಇದೆ. ಏಕಕಾಲಕ್ಕೆ ಎರಡು ಪದವಿ ಓದಲು ಯುಜಿಸಿ 2022ರಲ್ಲೇ ಒಪ್ಪಿಗೆ ಕೊಟ್ಟಿದೆ. ಬೆಳಿಗ್ಗೆ ಕಾಲೇಜಿನಲ್ಲಿ ಇಎಂಎಸ್, ಸಂಜೆ ಲ್ಯಾಪ್‌ಟಾಪ್ ಮುಂದೆ ಐಐಟಿ. ಶಿಸ್ತು ಬೇಕು, ವಾರಾಂತ್ಯಗಳು ಹೋಗುತ್ತವೆ. ಆದರೆ ಖರ್ಚಿನ ದೃಷ್ಟಿಯಿಂದ ಇದಕ್ಕೆ ಸಾಟಿ ಇಲ್ಲ.

ಇಲ್ಲಿ ಒಂದು ಮುಳ್ಳಿದೆ. ರಾಷ್ಟ್ರೀಯ ಶಿಕ್ಷಣ ನೀತಿಯಂತೆ ಕರ್ನಾಟಕ 2021-22ರಲ್ಲಿ ನಾಲ್ಕು ವರ್ಷದ ಆನರ್ಸ್ ತಂದಿತು; 2024-25ರಿಂದ ರಾಜ್ಯ ಸರ್ಕಾರ ಮತ್ತೆ ಮೂರು ವರ್ಷದ ಪದವಿಗೆ ಮರಳಿತು. ಅಮೆರಿಕದ ಅನೇಕ ಎಂ.ಎಸ್. ಕೋರ್ಸುಗಳು ಹದಿನಾರು ವರ್ಷದ ಓದು ಕೇಳುತ್ತವೆ. ಮೂರು ವರ್ಷದ ಪದವಿ ಒಪ್ಪುವ ವಿಶ್ವವಿದ್ಯಾಲಯಗಳೂ ಇವೆ, ಆದರೆ ಒಂದೊಂದನ್ನೂ ಕೇಳಿಯೇ ತಿಳಿಯಬೇಕು. ಐಐಟಿಯ ನಾಲ್ಕು ವರ್ಷದ ಬಿ.ಎಸ್. ಮುಗಿಸಿದರೆ ಅಥವಾ ಇಲ್ಲೇ ಒಂದು ಎಂ.ಎಸ್ಸಿ. ಮಾಡಿಕೊಂಡರೆ ಈ ತೊಡಕು ಬಗೆಹರಿಯುತ್ತದೆ. ಲಿಬರಲ್ ಆರ್ಟ್ಸ್ ಕಾಲೇಜಿನ ಪದವಿ ಹೇಗೂ ನಾಲ್ಕು ವರ್ಷದ್ದು.

ವೀಸಾದ ಗಂಟು: ಸಿಐಪಿ ಕೋಡ್

ಅಮೆರಿಕದಲ್ಲಿ ಪ್ರತಿ ಪದವಿಗೂ ಸಿಐಪಿ ಎಂಬ ಅಂಕಿಗಳ ಕೋಡ್ ಇರುತ್ತದೆ. ವಿದ್ಯಾರ್ಥಿ ವೀಸಾಕ್ಕೆಂದು ಕಾಲೇಜು ಕೊಡುವ ಐ-20 ಪತ್ರದ ಮೇಲೆಯೇ ಅದು ಅಚ್ಚಾಗಿರುತ್ತದೆ. ಪದವಿ ಮುಗಿದ ಮೇಲೆ ಒಪಿಟಿ ಎಂಬ ಅನುಮತಿಯಲ್ಲಿ ಎಲ್ಲರಿಗೂ 12 ತಿಂಗಳು ಕೆಲಸ ಮಾಡಲು ಅವಕಾಶ. ಕೋಡ್ ಸ್ಟೆಮ್ (ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತ) ಪಟ್ಟಿಯಲ್ಲಿದ್ದು, ಕೆಲಸ ಕೊಟ್ಟವರು ನೌಕರರ ಅರ್ಹತೆ ಪರಿಶೀಲಿಸುವ ಇ-ವೆರಿಫೈ ವ್ಯವಸ್ಥೆಯಲ್ಲಿದ್ದರೆ ಇನ್ನೂ 24 ತಿಂಗಳು. ಒಂದು ವರ್ಷಕ್ಕೂ ಮೂರು ವರ್ಷಕ್ಕೂ ಇರುವ ವ್ಯತ್ಯಾಸ ಸಾಲ ತೀರಿಸುವ ಮನೆಗೆ ಎಷ್ಟು ದೊಡ್ಡದು ಎಂದು ಬಿಡಿಸಿ ಹೇಳಬೇಕಿಲ್ಲ.

2022ರ ಜನವರಿಯಲ್ಲಿ ಆ ಪಟ್ಟಿಗೆ 22 ಹೊಸ ಕ್ಷೇತ್ರಗಳು ಸೇರಿದವು. ಡೇಟಾ ಸೈನ್ಸ್ (30.7001), ಡೇಟಾ ಅನಾಲಿಟಿಕ್ಸ್ (30.7101), ಬಿಸಿನೆಸ್ ಅನಾಲಿಟಿಕ್ಸ್ ಎಲ್ಲ ಅದರಲ್ಲಿವೆ. ಗಂಟು ಇರುವುದು ಮೂರನೇ ಬಗೆಯ ವಿದ್ಯಾರ್ಥಿಗೆ. ಸಾಮಾನ್ಯ ಅರ್ಥಶಾಸ್ತ್ರದ ಕೋಡ್ 45.0601 ಸ್ಟೆಮ್ ಅಲ್ಲ. ಇಕಾನಮೆಟ್ರಿಕ್ಸ್ ಮತ್ತು ಪರಿಮಾಣಾತ್ಮಕ ಅರ್ಥಶಾಸ್ತ್ರದ 45.0603 ಸ್ಟೆಮ್. ಒಂದೇ ತರಹದ ಪಾಠ ಇರುವ ಎರಡು ಕಾಲೇಜುಗಳು ಬೇರೆ ಬೇರೆ ಕೋಡ್ ಬಳಸಬಹುದು. ಡೇಟಾ ಮೈನರ್ ಇದೆ ಎಂಬ ಕಾರಣಕ್ಕೆ ಪದವಿ ಸ್ಟೆಮ್ ಆಗುವುದಿಲ್ಲ. ಲೆಕ್ಕಕ್ಕೆ ಬರುವುದು ಮೇಜರ್. ಆದ್ದರಿಂದ ಅರ್ಜಿ ಹಾಕುವ ಮುಂಚೆ ಕಾಲೇಜಿನ ಅಂತರರಾಷ್ಟ್ರೀಯ ವಿದ್ಯಾರ್ಥಿಗಳ ಕಚೇರಿಗೆ ‘ಈ ಮೇಜರ್‌ನ ಸಿಐಪಿ ಕೋಡ್ ಯಾವುದು?’ ಎಂದು ಒಂದು ಸಾಲಿನ ಇಮೇಲ್ ಹಾಕಿ, ಉತ್ತರವನ್ನು ಇಟ್ಟುಕೊಳ್ಳಿ.

ಈ ನಿಯಮಗಳೆಲ್ಲ ಕಲ್ಲಿನಲ್ಲಿ ಕೊರೆದದ್ದಲ್ಲ. 2025ರ ಸೆಪ್ಟೆಂಬರಿನಲ್ಲಿ ಎಚ್-1ಬಿ ಎಂಬ ಕೆಲಸದ ವೀಸಾದ ಹೊಸ ಅರ್ಜಿಗಳಿಗೆ 1 ಲಕ್ಷ ಡಾಲರ್ ಶುಲ್ಕದ ಘೋಷಣೆ ಬಂದದ್ದು ನೆನಪಿರಲಿ. ಇಂದು ಸೇರುವ ಮಗು ಪದವಿ ಮುಗಿಸುವುದು ನಾಲ್ಕು ವರ್ಷದ ನಂತರ. ‘ಅಲ್ಲೇ ಕೆಲಸ ಮಾಡಿ ಸಾಲ ತೀರಿಸ್ತಾಳೆ’ ಎಂಬ ಒಂದೇ ಲೆಕ್ಕದ ಮೇಲೆ ಕಳಿಸುವುದು ಜೂಜು.

ದುಡ್ಡಿನ ಮಾತು

ಹೆಸರುವಾಸಿ ಖಾಸಗಿ ಲಿಬರಲ್ ಆರ್ಟ್ಸ್ ಕಾಲೇಜುಗಳಲ್ಲಿ ಶುಲ್ಕ, ವಸತಿ, ಊಟ ಎಲ್ಲ ಸೇರಿ ವರ್ಷಕ್ಕೆ 80 ಸಾವಿರದಿಂದ 90 ಸಾವಿರ ಡಾಲರ್ ಎಂಬುದು ಈಗ ಸಾಮಾನ್ಯ. ನಾಲ್ಕು ವರ್ಷಕ್ಕೆ ಮೂರು ಕೋಟಿ ರೂಪಾಯಿಯ ಆಸುಪಾಸು. ಈ ಅಂಕಿ ನೋಡಿ ಎದ್ದು ಹೋಗುವ ಮುನ್ನ ಇನ್ನೊಂದು ಅಂಕಿ ಕೇಳಬೇಕು: ಸಹಾಯಧನ ಕಳೆದು ನೀವು ಕಟ್ಟಬೇಕಾದದ್ದೆಷ್ಟು? ಆಮ್‌ಹರ್ಸ್ಟ್ ಮತ್ತು ಬೌಡನ್ ಕಾಲೇಜುಗಳು ವಿದೇಶಿ ವಿದ್ಯಾರ್ಥಿಗಳ ವಿಷಯದಲ್ಲೂ ಮನೆಯ ಹಣಕಾಸು ನೋಡದೆ ಪ್ರವೇಶ ತೀರ್ಮಾನಿಸಿ, ಆಮೇಲೆ ಅಗತ್ಯದಷ್ಟು ನೆರವು ಕೊಡುತ್ತವೆ. ಅಂಥವು ಬೆರಳೆಣಿಕೆ, ಸೀಟು ಸಿಗುವುದೂ ಬಲು ಕಷ್ಟ. ಉಳಿದ ಬಹುತೇಕ ಕಾಲೇಜುಗಳಲ್ಲಿ ನೆರವು ಇದೆ, ಆದರೆ ಎಷ್ಟು ಕೇಳುತ್ತೀರಿ ಎಂಬುದು ಪ್ರವೇಶದ ತೀರ್ಮಾನದ ಮೇಲೂ ಪರಿಣಾಮ ಬೀರುತ್ತದೆ. ಕಾಲೇಜುಗಳ ವೆಬ್‌ಸೈಟಿನಲ್ಲಿರುವ ವೆಚ್ಚದ ಕ್ಯಾಲ್ಕುಲೇಟರ್‌ಗಳು ಹೆಚ್ಚಾಗಿ ಅಮೆರಿಕನ್ನರಿಗಾಗಿ ಮಾಡಿದವು. ಅದರ ಉತ್ತರ ನಂಬಬೇಡಿ.

ನೆರವಿಗೆ ತುಂಬುವ ಸಿಎಸ್‌ಎಸ್ ಪ್ರೊಫೈಲ್ ಎಂಬ ಅರ್ಜಿ ನಮ್ಮ ಮನೆಗಳಿಗೆ ಹೊಂದುವುದಿಲ್ಲ. ಅಜ್ಜನ ಹೆಸರಿನಲ್ಲೇ ಇರುವ, ಇನ್ನೂ ಪಾಲಾಗದ ನಾಲ್ಕು ಎಕರೆ ತೋಟವನ್ನು ಯಾವ ಕಾಲಂನಲ್ಲಿ ಹಾಕುವುದು? ಒಂದು ವರ್ಷ ಬೆಲೆ ಬಂದು ಇನ್ನೊಂದು ವರ್ಷ ಮಳೆಗೆ ಕೊಳೆತ ಅಡಿಕೆಯ ಆದಾಯವನ್ನು ಎಷ್ಟೆಂದು ಬರೆಯುವುದು? ಅರ್ಜಿಯ ಕೊನೆಯಲ್ಲಿ ವಿವರಣೆಗೆ ಜಾಗ ಇದೆ. ಅಲ್ಲಿ ಜಮೀನು ಯಾರ ಹೆಸರಲ್ಲಿದೆ, ಎಷ್ಟು ಜನರಿಗೆ ಪಾಲು, ಮೂರು ವರ್ಷದ ಆದಾಯ ಹೇಗೆ ಏರಿಳಿದಿದೆ ಎಂದು ಸರಳವಾಗಿ, ಸುಳ್ಳಿಲ್ಲದೆ ಬರೆಯಿರಿ. ಬರೆಯದಿದ್ದರೆ ತೋಟದ ಪೂರ್ತಿ ಬೆಲೆ ನಿಮ್ಮದೇ ಆಸ್ತಿ ಎಂದು ಲೆಕ್ಕಕ್ಕೆ ಹೋಗಿ ನೆರವು ಕುಗ್ಗಬಹುದು.

ನನ್ನ ಗೆರೆ ಇಷ್ಟು: ನೆರವು ಕಳೆದ ಮೇಲೂ ಮನೆ ಅಥವಾ ಜಮೀನು ಅಡ ಇಡಬೇಕು ಎಂದಾದರೆ ಪದವಿಗೆ ಹೋಗಬೇಡಿ. ಇಲ್ಲಿ ಇಎಂಎಸ್ ಮಾಡಿ, ಎಂ.ಎಸ್.ಗೆ ಹೋಗಿ, ಎರಡು ವರ್ಷದ ಸಾಲ ನಾಲ್ಕು ವರ್ಷದ ಸಾಲಕ್ಕಿಂತ ಹಗುರ. ಕ್ಯಾಂಪಸ್ಸಿನಲ್ಲಿ ಕೆಲಸ ಮಾಡಿ ಶುಲ್ಕ ತುಂಬಬಹುದು ಎಂಬ ಆಸೆಯೂ ಬೇಡ. ತರಗತಿ ನಡೆಯುವಾಗ ಎಫ್-1 ಎಂಬ ವಿದ್ಯಾರ್ಥಿ ವೀಸಾದವರಿಗೆ ವಾರಕ್ಕೆ 20 ಗಂಟೆಯ ಮಿತಿ ಇದೆ. ಆ ಸಂಪಾದನೆ ಪುಸ್ತಕ, ಫೋನು, ಚಳಿಗಾಲದ ಜಾಕೆಟ್ಟಿಗೆ ಸರಿಹೋಗುತ್ತದೆ.

ಕೋರ್ಸ್ ಪಟ್ಟಿ ಓದುವ ಬಗೆ

ಬ್ರೋಷರ್ ಮುಚ್ಚಿಟ್ಟು ಕಾಲೇಜಿನ ಕ್ಯಾಟಲಾಗ್ ತೆರೆಯಿರಿ. ಲೀನಿಯರ್ ಆಲ್ಜೀಬ್ರ ಕಡ್ಡಾಯವೋ ಐಚ್ಛಿಕವೋ ನೋಡಿ. ಐಚ್ಛಿಕವಾಗಿದ್ದರೂ ತೆಗೆದುಕೊಳ್ಳಿ ಎಂದು ಮಗುವಿಗೆ ಹೇಳಿ. ಡೇಟಾಬೇಸ್ ಕಲಿಸುತ್ತಾರೋ, ಅಥವಾ ಚೊಕ್ಕವಾಗಿ ತೊಳೆದಿಟ್ಟ ಸಿಎಸ್‌ವಿ ಎಂಬ ಕೋಷ್ಟಕದ ಕಡತಗಳ ಮೇಲೇ ನಾಲ್ಕು ವರ್ಷ ಕಳೆಯುತ್ತಾರೋ? ನಿಜವಾದ ಡೇಟಾ ಎಂದರೆ ಹೆಸರುಗಳು ಮೂರು ತರಹ ಬರೆದಿರುವ, ಅರ್ಧ ಕಾಲಂ ಖಾಲಿ ಇರುವ ಡೇಟಾ. ಅದರ ಜೊತೆ ಒಮ್ಮೆಯಾದರೂ ಗುದ್ದಾಡಿಸದ ಪಠ್ಯ ದಂಡ. ಹೊರಗಿನ ಸಂಸ್ಥೆಗಾಗಿ ಮಾಡುವ ಪ್ರಾಜೆಕ್ಟ್ ಇದೆಯೇ, ಕಳೆದ ವರ್ಷ ಯಾರಿಗಾಗಿ ಮಾಡಿದರು ಎಂದು ಕೇಳಿ.

ಆಮೇಲೆ ಅಧ್ಯಾಪಕರ ಪಟ್ಟಿ. ಡೇಟಾ ವಿಭಾಗದ್ದೇ ಆದ ಪೂರ್ಣಾವಧಿಯವರು ಇಬ್ಬರೇ ಇದ್ದರೆ, ಅವರಲ್ಲೊಬ್ಬರು ಸಬ್ಬಾಟಿಕಲ್ ಎಂಬ ದೀರ್ಘ ಅಧ್ಯಯನ ರಜೆಗೆ ಹೋದ ವರ್ಷ ಮುಂದುವರಿದ ಕೋರ್ಸ್ ನಡೆಯದೇ ಹೋಗಬಹುದು. ‘ಎರಡು ವರ್ಷಕ್ಕೊಮ್ಮೆ’ ಎಂಬ ಸಣ್ಣಕ್ಷರ ಎಲ್ಲೆಲ್ಲಿದೆ ಎಂದು ಗುರುತು ಹಾಕಿಕೊಳ್ಳಿ. ಸಣ್ಣ ಕಾಲೇಜಿನಲ್ಲಿ ಸ್ನಾತಕೋತ್ತರ ತರಗತಿಗಳೂ ಇರುವುದಿಲ್ಲ, ಮೂರನೇ ವರ್ಷಕ್ಕೇ ಎಲ್ಲ ಮುಗಿಸಿಬಿಡುವ ಚುರುಕಿನ ಮಗುವಿಗೆ ಮುಂದೇನು ಎಂಬುದನ್ನೂ ಕೇಳಬೇಕು. ಪಕ್ಕದ ವಿಶ್ವವಿದ್ಯಾಲಯದಲ್ಲಿ ಕೋರ್ಸ್ ಮಾಡಲು ಬಿಡುತ್ತಾರೋ, ಪ್ರಾಧ್ಯಾಪಕರ ಜೊತೆ ಬೇಸಿಗೆ ಸಂಶೋಧನೆಗೆ ಸಂಬಳ ಇದೆಯೋ? ಈ ಎರಡನೆಯದರಲ್ಲಿ ಒಳ್ಳೆಯ ಲಿಬರಲ್ ಆರ್ಟ್ಸ್ ಕಾಲೇಜುಗಳು ದೊಡ್ಡ ವಿಶ್ವವಿದ್ಯಾಲಯಗಳನ್ನೂ ಮೀರಿಸುತ್ತವೆ, ಏಕೆಂದರೆ ಪ್ರಾಧ್ಯಾಪಕರಿಗೆ ಸಹಾಯಕ್ಕೆ ಬೇರೆ ಪಿಎಚ್.ಡಿ. ವಿದ್ಯಾರ್ಥಿಗಳೇ ಇಲ್ಲ.

ಅರ್ಜಿ ಹಾಕುವವರಿಗೆ ಕೊನೆಯದಾಗಿ ಎರಡು ವಿಷಯ. ನವೆಂಬರ್ ಮೊದಲರ್ಧದಲ್ಲಿ ಬರುವ ‘ಅರ್ಲಿ ಡಿಸಿಷನ್’ ಕಟ್ಟುಪಾಡಿನ ಅರ್ಜಿ: ಸೀಟು ಕೊಟ್ಟರೆ ಉಳಿದೆಲ್ಲ ಅರ್ಜಿ ಹಿಂಪಡೆದು ಅಲ್ಲಿಗೇ ಸೇರುತ್ತೇವೆ ಎಂದು ವಿದ್ಯಾರ್ಥಿ, ಪೋಷಕರು, ಕೌನ್ಸೆಲರ್ ಮೂವರೂ ಸಹಿ ಹಾಕಬೇಕು. ನೆರವು ಸಾಲದು ಎಂದಾದರೆ ಬಿಡಿಸಿಕೊಳ್ಳಬಹುದು, ಆದರೆ ನಾಲ್ಕು ಕಾಲೇಜಿನ ನೆರವಿನ ಪತ್ರ ಪಕ್ಕಪಕ್ಕ ಇಟ್ಟು ತೂಗುವ ಅವಕಾಶ ಹೋಗುತ್ತದೆ. ದುಡ್ಡೇ ಮುಖ್ಯವಾದ ಮನೆಯವರು ಜನವರಿಯ ಸಾಮಾನ್ಯ ಸುತ್ತಿಗೆ ಕಾಯುವುದೇ ಸರಿ. ಇನ್ನು ಶಿಫಾರಸು ಪತ್ರ. ನೂರು ಜನರ ಸೆಕ್ಷನ್ನಿನಲ್ಲಿ ಪಾಠ ಮಾಡುವ ಪಿಯು ಉಪನ್ಯಾಸಕರಿಗೆ ನಿಮ್ಮ ಮಗುವಿನ ಬಗ್ಗೆ ಅಂಕದಾಚೆ ಬರೆಯಲು ಏನೂ ಗೊತ್ತಿರುವುದಿಲ್ಲ, ಕೌನ್ಸೆಲರ್ ಎಂಬ ಹುದ್ದೆಯೇ ಬಹಳ ಕಾಲೇಜುಗಳಲ್ಲಿಲ್ಲ. ಆ ಕೆಲಸ ಪ್ರಿನ್ಸಿಪಾಲರ ಪಾಲಿಗೆ ಬರುತ್ತದೆ. ಮೊದಲ ಪಿಯುಸಿಯ ದಸರಾ ರಜೆಯ ಹೊತ್ತಿಗೇ ಒಬ್ಬ ಉಪನ್ಯಾಸಕರ ಬಳಿ ಹೋಗಿ, ತಾನು ಮಾಡಿದ ಒಂದು ಸಣ್ಣ ವಿಶ್ಲೇಷಣೆ ತೋರಿಸಲಿ. ಊರಿನ ಎಪಿಎಂಸಿಯಲ್ಲಿ ಆರು ತಿಂಗಳ ಈರುಳ್ಳಿ ಧಾರಣೆಯಾದರೂ ಸಾಕು. ಒಂದು ಚಾರ್ಟು, ಅದರ ಕೆಳಗೆ ಧಾರಣೆ ಯಾವ ವಾರ ಯಾಕೆ ಬಿತ್ತು ಎಂದು ವರ್ತಕರನ್ನೂ ರೈತರನ್ನೂ ಕೇಳಿ ಬರೆದ ಅರ್ಧ ಪುಟ.